ಸ್ಲೀವ್ ಎಲ್ಲಿ ಕೂರಬೇಕು?

ನನ್ನ ಹಳೆಯ ಹೋಂಡಾ ಸಿಟಿ ಕಾರಿನ ಹೆಡ್ ಅನ್ನು, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳವನ್ನು, ವಾಲ್ವ್ ಸೀಟ್‌ಗಳ ಕೆಲಸಕ್ಕಾಗಿ ಈ ತಿಂಗಳು ಬಿಚ್ಚಿಸಬೇಕಾಗಿ ಬಂತು. ಹೆಡ್ ಹೊರಬಂದ ಕೂಡಲೇ ಮೆಕ್ಯಾನಿಕ್ ವಾಲ್ವ್‌ಗಳನ್ನು ನೋಡತೊಡಗಿದರು, ನಾನು ಬ್ಲಾಕನ್ನು, ಅಂದರೆ ಸಿಲಿಂಡರ್‌ಗಳಿರುವ ಕೆಳಗಿನ ಎರಕದ ಭಾಗವನ್ನು, ನೋಡತೊಡಗಿದೆ. ಎರಡರ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ಟಿನ ಚೂರುಗಳನ್ನೆಲ್ಲ ತೆಗೆದು, ತಿನ್ನರ್ ಅದ್ದಿದ ಬಟ್ಟೆಯಿಂದ ಮೇಲ್ಮೈಯನ್ನು ಒರೆಸಿ, ಡಯಲ್ ಗೇಜ್ ಇಟ್ಟು, ಸಿಲಿಂಡರ್‌ಗಳೊಳಗಿನ ನಾಲ್ಕೂ ಸ್ಲೀವ್‌ಗಳ ಅಂಚು ಬ್ಲಾಕಿನ ಮೇಲ್ಮೈಗಿಂತ ಎಷ್ಟು ಕೆಳಗಿದೆ ಎಂದು ಅಳೆದು ಬರೆದುಕೊಳ್ಳುವವರೆಗೆ ಬೇರೆ ಯಾವ ಕೆಲಸವೂ ಮುಂದುವರಿಯದಂತೆ ತಡೆದು ನಿಲ್ಲಿಸಿದೆ. ಅವರಿಗೆ ಇದು ವಿಚಿತ್ರವೆನಿಸಿರಬೇಕು. ಆದರೆ ಈ ಬ್ಲಾಕಿಗೆ ನಾನು ಎರಡು ಬಾರಿ ಸ್ಲೀವ್ ಹಾಕಿಸಿದ್ದೇನೆ; ಮೊದಲನೆಯದು ಆರು ಸಾವಿರ ಕಿಲೋಮೀಟರಿಗೇ ಕೈಕೊಟ್ಟಿತು, ಎರಡನೆಯದು ಇಂದಿಗೂ ಓಡುತ್ತಿದೆ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಸ್ಲೀವಿನ ಬೆಲೆಯದ್ದಾಗಲಿ ಲೋಹದ್ದಾಗಲಿ ಅಲ್ಲ. ಅದನ್ನು ಬ್ಲಾಕಿನೊಳಗೆ ಎಲ್ಲಿ ಮತ್ತು ಎಷ್ಟು ಬಿಗಿಯಾಗಿ ಕೂರಿಸಲಾಗಿತ್ತು ಎಂಬುದರದ್ದು.

ಸ್ಲೀವ್ ಎಂದರೂ ಲೈನರ್ ಎಂದರೂ ವಸ್ತು ಒಂದೇ, ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ. ನಮ್ಮಲ್ಲಿ ಲಾರಿ ಗ್ಯಾರೇಜುಗಳಲ್ಲಿ ಅದು ಲೈನರ್ ಆಗಿಯೂ ಬೈಕ್ ಮೆಕ್ಯಾನಿಕ್‌ಗಳ ಬಾಯಲ್ಲಿ ಸ್ಲೀವ್ ಆಗಿಯೂ ಉಳಿದಿದೆ. ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡಿದ್ದವರಿಗೆ ಈ ಮಾತು ಹೊಸದೇನೂ ಅಲ್ಲ: ಅದರ ಅಲ್ಯೂಮಿನಿಯಂ ಬ್ಲಾಕಿನೊಳಗೆ 50 ಮಿ.ಮೀ. ಬೋರಿನ (ಒಳವ್ಯಾಸದ) ಕಬ್ಬಿಣದ ಸ್ಲೀವ್ ಇರುತ್ತದೆ, ಸವೆದಂತೆಲ್ಲ ಕಾಲು ಮಿಲಿಮೀಟರಿನಂತೆ ಬೋರಿಂಗ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುತ್ತಾರೆ, ಇನ್ನು ಬೋರಿಂಗಿಗೆ ಜಾಗವಿಲ್ಲವೆಂದಾಗ ಬ್ಲಾಕನ್ನು ಕಾಯಿಸಿ ಹೊಸ ಸ್ಲೀವ್ ಇಳಿಸುತ್ತಾರೆ. ದೊಡ್ಡ ಡೀಸೆಲ್ ಎಂಜಿನ್‌ಗಳ ಕಥೆ ಇನ್ನೂ ಸರಳ. ಅವುಗಳ ಪೈಕಿ ಹಲವದರಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುತ್ತದೆ, ಕೆಳಗೆ ರಬ್ಬರಿನ ರಿಂಗುಗಳು ನೀರನ್ನು ತಡೆಯುತ್ತವೆ, ಕಿತ್ತು ಹಾಕುವುದಕ್ಕೆಂದೇ ಬ್ಲಾಕನ್ನು ವಿನ್ಯಾಸ ಮಾಡಿರುತ್ತಾರೆ. ತೊಂದರೆ ಇರುವುದು ಇವೆರಡರ ನಡುವೆ ಬರುವ ಕಾರಿನ ಅಲ್ಯೂಮಿನಿಯಂ ಬ್ಲಾಕಿನಲ್ಲಿ. ಅಲ್ಲಿ ಸ್ಲೀವ್ ಬದಲಾಯಿಸುವವರು ಬರುತ್ತಾರೆಂದು ಅದನ್ನು ಎರಕ ಹೊಯ್ದವರು ಯೋಚಿಸಿರುವುದೇ ಇಲ್ಲ.

ಕಬ್ಬಿಣದ ಗೊಡವೆಯೇ ಬೇಡವೆಂದು ಹೊರಟವರೂ ಇದ್ದಾರೆ. ಅಮೆರಿಕದ ಜನರಲ್ ಮೋಟಾರ್ಸ್ 1970ರಲ್ಲಿ ಮಾರುಕಟ್ಟೆಗೆ ತಂದ ಶೆವರ್ಲೆ ವೆಗಾ ಕಾರಿನ 2.3 ಲೀಟರ್ ಎಂಜಿನ್‌ನಲ್ಲಿ ಸ್ಲೀವೇ ಇರಲಿಲ್ಲ. ಸುಮಾರು ಶೇಕಡಾ 17ರಷ್ಟು ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂನಿಂದ ಬ್ಲಾಕ್ ಎರಕ ಹೊಯ್ದು, ಬೋರಿನ ಮೇಲ್ಪದರದ ಅಲ್ಯೂಮಿನಿಯಂ ಅನ್ನು ಸ್ವಲ್ಪ ಕರಗಿಸಿ, ಗಟ್ಟಿಯಾದ ಸಿಲಿಕಾನ್ ಹರಳುಗಳು ಮೇಲೆದ್ದು ನಿಲ್ಲುವಂತೆ ಮಾಡಿ, ಕಬ್ಬಿಣದ ಲೇಪನವಿದ್ದ ಪಿಸ್ಟನ್‌ಗಳನ್ನು ಅದರೊಳಗೆ ಓಡಿಸಿದರು. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಉಪಾಯವಿಲ್ಲ. ಆದರೆ ಎಂಜಿನ್ ಒಮ್ಮೆ ಅತಿಯಾಗಿ ಕಾದರೆ ಬ್ಲಾಕ್ ಸೊಟ್ಟಗಾಗಿ, ಬೋರಿನ ಮೈ ಗೀರುಬಿದ್ದು, ಎಣ್ಣೆ ಕುಡಿಯಲು ಶುರುಮಾಡುತ್ತಿತ್ತು. ಕೊನೆಗೆ ದುರಸ್ತಿಗೆ ಬಂದ ಎಷ್ಟೋ ವೆಗಾ ಬ್ಲಾಕುಗಳಿಗೆ ಕಬ್ಬಿಣದ ಸ್ಲೀವನ್ನೇ ತೊಡಿಸಿ ಕಳುಹಿಸಲಾಯಿತು. ಯಾವುದನ್ನು ಬೇಡವೆಂದು ಹೊರಗಿಟ್ಟರೋ ಅದೇ ಹಿಂಬಾಗಿಲಿನಿಂದ ಒಳಗೆ ಬಂದಿತು. ಇನ್ನೊಂದು ದಾರಿಯಾದ ನಿಕಸಿಲ್ ಎಂಬ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪನ ಬಹಳ ಚೆನ್ನಾಗಿದ್ದರೂ, 1990ರ ದಶಕದಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲಿನಿಂದಾಗಿ ಬಿಎಂಡಬ್ಲ್ಯೂ ಮತ್ತು ಜಾಗ್ವಾರ್‌ನ ವಿ8 ಎಂಜಿನ್‌ಗಳಲ್ಲಿ ಅದು ಕೊರೆದುಹೋದದ್ದು ವಾಹನಲೋಕದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಬಿಎಂಡಬ್ಲ್ಯೂ ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂನತ್ತ ಹೋಯಿತು, ಜಾಗ್ವಾರ್ ಕಬ್ಬಿಣದ ಲೈನರ್‌ಗೆ ಬಂತು. ಇಂದು ಕರಗಿದ ಉಕ್ಕನ್ನು ಕೂದಲೆಳೆಯ ದಪ್ಪಕ್ಕೆ ಬೋರಿನ ಮೈಗೆ ಸಿಂಪಡಿಸುವ ವಿಧಾನವೂ ಇದೆ, ನಿಸಾನ್ ಜಿಟಿ-ಆರ್‌ನಲ್ಲಿ ಇರುವುದು ಅದೇ. ಅದು ನಮ್ಮ ಲೇತ್ ಅಂಗಡಿಗಳಿಗೆ ನಿಲುಕುವ ಮಾತಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನನ್ನ ಕಾರು 2000ದ ದಶಕದ ಮೊದಲ ವರ್ಷಗಳಲ್ಲಿ ಬಂದ 1.5 ಲೀಟರಿನ ವಿಟೆಕ್ ಎಂಬ ಎಂಜಿನ್ನಿನದು. ಬೋರ್ 75 ಮಿ.ಮೀ., ಪಿಸ್ಟನ್ ಏರಿಳಿಯುವ ದೂರವಾದ ಸ್ಟ್ರೋಕ್ 84.5 ಮಿ.ಮೀ., ಒಟ್ಟು 1493 ಸಿಸಿ. ಎರಡು ಪಕ್ಕದ ಸಿಲಿಂಡರ್‌ಗಳ ನಡುಗೆರೆಗಳ ಅಂತರ 84 ಮಿ.ಮೀ. ಈ ಕೊನೆಯ ಸಂಖ್ಯೆಯನ್ನು ನೆನಪಿಡಬೇಕು, ಏಕೆಂದರೆ ಸ್ಲೀವ್ ಎಷ್ಟು ದಪ್ಪವಿರಬಹುದು, ಬೋರ್ ಎಷ್ಟು ದೊಡ್ಡದಾಗಬಹುದು ಎಂಬ ಲೆಕ್ಕವೆಲ್ಲ ಅದಕ್ಕೆ ಕಟ್ಟುಬಿದ್ದಿದೆ. ಬ್ಲಾಕ್ ಓಪನ್ ಡೆಕ್ ಮಾದರಿಯದು, ಅಂದರೆ ನಾಲ್ಕು ಸಿಲಿಂಡರ್‌ಗಳು ಒಂದಕ್ಕೊಂದು ಅಂಟಿಕೊಂಡು ಒಂದು ಸಾಲಾಗಿ ನೀರಿನ ಕಾಲುವೆಯ ನಡುವೆ ನಿಂತಿರುತ್ತವೆ, ಅವುಗಳ ತಲೆಯ ಭಾಗಕ್ಕೆ ಹೊರಗೋಡೆಯ ಆಸರೆ ಇರುವುದಿಲ್ಲ. ಅಚ್ಚಿನಿಂದ ಸುಲಭವಾಗಿ ಹೊರತೆಗೆಯಲು, ಮತ್ತು ಉರಿ ಹೆಚ್ಚಿರುವ ಮೇಲ್ಭಾಗಕ್ಕೆ ನೀರು ಚೆನ್ನಾಗಿ ತಾಗಲು ಈ ವಿನ್ಯಾಸ ಅನುಕೂಲ. ರಸ್ತೆಯ ಕಾರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಕಾರ್ಖಾನೆಯಲ್ಲಿ ಕಬ್ಬಿಣದ ಸ್ಲೀವ್‌ಗಳನ್ನು ಅಚ್ಚಿನೊಳಗೆ ಮೊದಲೇ ನಿಲ್ಲಿಸಿ ಅವುಗಳ ಸುತ್ತ ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಸ್ಲೀವಿನ ಒರಟು ಹೊರಮೈಯ ಸಂದುಗೊಂದುಗಳಿಗೆಲ್ಲ ಅಲ್ಯೂಮಿನಿಯಂ ಹರಿದು ಗಟ್ಟಿಯಾಗುವುದರಿಂದ ಎರಡು ಲೋಹಗಳು ಹಲ್ಲಿಗೆ ಹಲ್ಲು ಕಚ್ಚಿದಂತೆ ಹಿಡಿದುಕೊಳ್ಳುತ್ತವೆ. ಆ ಸ್ಲೀವನ್ನು ಒಮ್ಮೆ ಕೊರೆದು ತೆಗೆದರೆ ಆ ಹಿಡಿತವನ್ನು ಯಾವ ಅಂಗಡಿಯೂ ಮರಳಿ ಕೊಡಲಾರದು. ಹೊಸ ಸ್ಲೀವನ್ನು ಹಿಡಿದಿಡುವುದು ಬಿಗಿ ಮಾತ್ರ, ಅಂದರೆ ತೂತಿಗಿಂತ ಸ್ಲೀವ್ ಒಂದೆರಡು ಕೂದಲೆಳೆಯಷ್ಟು ದಪ್ಪವಿರುವುದರಿಂದ ಹುಟ್ಟುವ ಒತ್ತಡ.

ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರಿನ ಕೆಳಗಿನ ಹೋಸ್ ಒಡೆದು ನೀರೆಲ್ಲ ಚೆಲ್ಲಿದ್ದನ್ನು ಗಮನಿಸದೆ ನಾನು ಇನ್ನೂ ಎರಡು ತಿರುವು ಓಡಿಸಿದ್ದೇ ಈ ಎಲ್ಲದಕ್ಕೂ ಮೂಲ. ಎಂಜಿನ್ ಬಿಚ್ಚಿದಾಗ ಮೂರು ಬೋರುಗಳಲ್ಲಿ ಆಳವಾದ ಗೀರುಗಳಿದ್ದವು. ಆಗ ನನಗೆ ವಿವೇಕ ಹೇಳುವವರು ಯಾರೂ ಇರಲಿಲ್ಲವೆಂದಲ್ಲ. ಶಿವಾಜಿನಗರದಲ್ಲಿ ಹಳೆಯ ಎಂಜಿನ್ ಒಂದನ್ನು ಹುಡುಕಿ ಹಾಕಿಸಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎಂದು ಅಣ್ಣ ಹೇಳಿಯೇ ಹೇಳಿದ. ಆದರೆ ಹೇಗೂ ಸ್ಲೀವ್ ಹಾಕಿಸುವುದೇ ಆದರೆ ಬೋರನ್ನು 77 ಮಿ.ಮೀ.ಗೆ ಏರಿಸಿಬಿಡಬಹುದಲ್ಲ ಎಂಬ ಆಸೆ ತಲೆಯಲ್ಲಿ ಹೊಕ್ಕಿತ್ತು. ಲೆಕ್ಕ ಹಾಕಿ ನೋಡಿದರೆ 1493 ಸಿಸಿ ಇದ್ದದ್ದು 1574 ಆಗುತ್ತದೆ, ಅಂದರೆ 81 ಸಿಸಿ, ಶೇಕಡಾ ಐದೂವರೆಯಷ್ಟು. ಇಷ್ಟಕ್ಕಾಗಿ ಪಿಸ್ಟನ್‌ಗಳನ್ನು ಬೇರೆಯಾಗಿ ಮಾಡಿಸಬೇಕು, ಹೆಡ್ ಗ್ಯಾಸ್ಕೆಟ್ ಹುಡುಕಬೇಕು. ಇಂದು ಯಾರಾದರೂ ಕೇಳಿದರೆ ನಾನು ಬೇಡವೆನ್ನುತ್ತೇನೆ. ಅಂದು ಆ 81 ಸಿಸಿ ನನಗೆ ಬಹಳ ದೊಡ್ಡದಾಗಿ ಕಾಣಿಸಿತ್ತು.

ಮೊದಲ ಅಂಗಡಿಯವರು, ಅವರ ಹೆಸರು ಇಲ್ಲಿ ಬೇಡ, ಮೂಲ ಸ್ಲೀವ್‌ಗಳನ್ನು 80 ಮಿ.ಮೀ.ವರೆಗೆ ಕೊರೆದು, ಒಂದೂವರೆ ಮಿಲಿಮೀಟರ್ ಗೋಡೆಯ ನೇರ ಕೊಳವೆಯಂಥ ಸ್ಲೀವ್‌ಗಳನ್ನು ಒತ್ತಿ ಕೂರಿಸಿದರು. ಮೇಲೆ ಕಾಲರ್, ಅಂದರೆ ಹೊರಚಾಚಿದ ಅಂಚು, ಇರಲಿಲ್ಲ. ತೂತಿನ ತಳದಲ್ಲಿ ಒಂದು ಸಣ್ಣ ಮೆಟ್ಟಿಲು ಬಿಟ್ಟಿದ್ದರು, ಸ್ಲೀವಿನ ಕೆಳ ಅಂಚು ಅದರ ಮೇಲೆ ನಿಂತಿತ್ತು. ಕಾರು ಮೊದಲ ನಾಲ್ಕು ತಿಂಗಳು ಬಹಳ ಚೆನ್ನಾಗಿ ಓಡಿತು. ಆಮೇಲೆ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನಲ್ಲಿ ನೀರು ಸ್ವಲ್ಪಸ್ವಲ್ಪವಾಗಿ ಇಳಿಯತೊಡಗಿತು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಿಲಿಂಡರ್ ತಡವರಿಸುತ್ತಿತ್ತು, ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಓಡಿಸಿದರೆ ನೀರಿನಲ್ಲಿ ಗುಳ್ಳೆಗಳೇಳುತ್ತಿದ್ದವು. ಹೆಡ್ ಸೊಟ್ಟಗಾಗಿದೆಯೆಂದು ಒಮ್ಮೆ ಫೇಸಿಂಗ್ ಮಾಡಿಸಿ (ಮೇಲ್ಮೈಯನ್ನು ಸಪಾಟು ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿಸಿದ್ದೂ ಆಯಿತು. ಮೂರೇ ವಾರ. ಮತ್ತೆ ಅದೇ ಗುಳ್ಳೆ.

ಎರಡನೆಯ ಬಾರಿ ಹೆಡ್ ತೆಗೆದಾಗ ಬ್ಲಾಕನ್ನು ಪೀಣ್ಯದ ಒಂದು ಅಂಗಡಿಗೆ ಒಯ್ದೆ. ಅಲ್ಲಿನ ಯಜಮಾನರು ಹಿರಿಯರು, ಹೆಚ್ಚು ಮಾತನಾಡುವವರಲ್ಲ. ಉಕ್ಕಿನ ನೇರಪಟ್ಟಿಯನ್ನು ಬ್ಲಾಕಿನ ಮೇಲೆ ಅಡ್ಡಲಾಗಿಟ್ಟು, ಮೂರನೆಯ ಸಿಲಿಂಡರಿನ ಮೇಲೆ ಸಂದಿನ ಅಗಲ ಅಳೆಯುವ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಿ, 0.06 ಮಿ.ಮೀ. ಎಲೆ ಒಳಗೆ ಹೋದಾಗ ನನ್ನ ಕಡೆ ತಿರುಗಿ, “ಸ್ಲೀವ್ ಕೆಳಗೆ ಕೂತಿದೆ ಸಾರ್, ಗ್ಯಾಸ್ಕೆಟ್ ಏನು ಮಾಡೀತು?” ಎಂದರು. ಅಷ್ಟೇ. ಉಳಿದದ್ದನ್ನು ನಾನು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆ. ಆ ಲೆಕ್ಕವೇ ಈ ಬರಹದ ತಿರುಳು.

ಅಲ್ಯೂಮಿನಿಯಂ ಕಾದಾಗ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ ಪ್ರತಿ ಡಿಗ್ರಿಗೆ ಅಲ್ಯೂಮಿನಿಯಂ 22 ಮೈಕ್ರಾನ್, ಎರಕದ ಕಬ್ಬಿಣ 11 ಮೈಕ್ರಾನ್ ಎಂದಿಟ್ಟುಕೊಳ್ಳೋಣ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಸ್ಲೀವಿನ ಉದ್ದ 130 ಮಿ.ಮೀ. ಬ್ಲಾಕ್ 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯುತ್ತದೆ. ಉರಿಗೆ ಹತ್ತಿರವಿರುವ ಸ್ಲೀವ್ ಸರಾಸರಿ 140 ಡಿಗ್ರಿಗೆ ಏರುತ್ತದೆ. ಆಗ ಬ್ಲಾಕಿನ ಎತ್ತರ 0.23 ಮಿ.ಮೀ. ಬೆಳೆದರೆ ಸ್ಲೀವ್ ಬೆಳೆಯುವುದು 0.17 ಮಾತ್ರ. ಸ್ಲೀವ್ ತಳದ ಮೆಟ್ಟಿಲಿನ ಮೇಲೆ ನಿಂತಿದ್ದರೆ, ಎಂಜಿನ್ ಕಾದಾಗಲೆಲ್ಲ ಅದರ ತಲೆ ಬ್ಲಾಕಿನ ಮೇಲ್ಮೈಗಿಂತ 0.06 ಮಿ.ಮೀ. ಕೆಳಗುಳಿಯುತ್ತದೆ ಎಂದಾಯಿತು. ಸುತ್ತಲಿನ ಬಿಗಿ ಅದನ್ನು ತನ್ನೊಡನೆ ಮೇಲೆಳೆದುಕೊಳ್ಳಲು ನೋಡುತ್ತದೆ, ಆದರೆ ಬಿಗಿ ಸಡಿಲವಾದ ಕಡೆ ಎಳೆತ ಸಾಲದು. ಗ್ಯಾಸ್ಕೆಟ್ಟಿನ ಅತ್ಯಂತ ಮುಖ್ಯವಾದ ಭಾಗವಾದ ಬೋರಿನ ಸುತ್ತಲಿನ ಬಳೆಯ ಮೇಲೆ ಒತ್ತಡ ಕಡಿಮೆಯಾಗುವುದು ಹೀಗೆ, ಅದೂ ಒಳಗೆ ಉರಿಯ ಒತ್ತಡ ಹೆಚ್ಚಿರುವ ಹೊತ್ತಿನಲ್ಲೇ. ಎಂಜಿನ್ ತಣಿದಾಗ ಬ್ಲಾಕ್ ಮತ್ತೆ ಕುಗ್ಗುತ್ತದೆ, ಸ್ಲೀವಿನ ಮೇಲೆ ಹೆಡ್ಡಿನ ಭಾರವೆಲ್ಲ ಬೀಳುತ್ತದೆ, ಆ ಭಾರವನ್ನು ಹೊರಬೇಕಾದದ್ದು ತಳದಲ್ಲಿರುವ ಮೃದು ಅಲ್ಯೂಮಿನಿಯಂನ ಸಣ್ಣ ಮೆಟ್ಟಿಲು. ಕೆಲವು ನೂರು ಬಾರಿ ಕಾದು ತಣಿಯುವಷ್ಟರಲ್ಲಿ ಮೆಟ್ಟಿಲು ಸ್ವಲ್ಪಸ್ವಲ್ಪವೇ ಅಮುಕಿಹೋಗಿ, ಬಿಸಿಯಲ್ಲಿ ಮಾತ್ರ ಇರುತ್ತಿದ್ದ ತಗ್ಗು ತಣ್ಣಗಿರುವಾಗಲೂ ಉಳಿದುಬಿಡುತ್ತದೆ. ಪೀಣ್ಯದಲ್ಲಿ ಫೀಲರ್ ಗೇಜಿಗೆ ಸಿಕ್ಕಿದ್ದು ಅದು.

ಇದೇ ಸ್ಲೀವನ್ನು ಮೇಲ್ಗಡೆ ಕಾಲರ್ ಬಿಟ್ಟು ಅದರಿಂದ ನೇತುಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಕಾಲರಿನ ದಪ್ಪ 6 ಮಿ.ಮೀ. ಆದರೆ ಹಿಗ್ಗುವಿಕೆಯ ವ್ಯತ್ಯಾಸ ಆ 6 ಮಿ.ಮೀ.ಗೆ ಮಾತ್ರ ಅನ್ವಯಿಸುತ್ತದೆ, ಅಂದರೆ ಎರಡೂವರೆ ಮೈಕ್ರಾನ್ ಆಸುಪಾಸು, ಯಾವ ಗ್ಯಾಸ್ಕೆಟ್ಟಿಗೂ ಅದು ಲೆಕ್ಕಕ್ಕಿಲ್ಲ. ಉಳಿದ ಉದ್ದವೆಲ್ಲ ಕೆಳಗೆ ಸ್ವತಂತ್ರವಾಗಿ ಹಿಗ್ಗಿಕೊಳ್ಳಲಿ, ಯಾರಿಗೆ ತೊಂದರೆ? ಗಿಡವನ್ನು ಕುಂಡದ ತಳದಲ್ಲಿ ನಿಲ್ಲಿಸುವುದಕ್ಕೂ ತೂಗುಕುಂಡವನ್ನು ಅಂಚಿನಿಂದ ತೂಗುಹಾಕುವುದಕ್ಕೂ ಇರುವಷ್ಟೇ ವ್ಯತ್ಯಾಸ, ಆದರೆ ಎಂಜಿನ್‌ನಲ್ಲಿ ಆ ವ್ಯತ್ಯಾಸದ ಬೆಲೆ ಒಂದು ಬ್ಲಾಕ್.

ಇನ್ನೊಂದು ಲೆಕ್ಕ ಬಿಗಿಯದ್ದು. 80 ಮಿ.ಮೀ. ಹೊರವ್ಯಾಸದ ಸ್ಲೀವಿಗೆ ಅದೇ ಉಷ್ಣಾಂಶಗಳನ್ನು ಹಾಕಿ ನೋಡಿದರೆ ತೂತು 0.14 ಮಿ.ಮೀ. ಹಿಗ್ಗುತ್ತದೆ, ಸ್ಲೀವ್ ಸುಮಾರು 0.105 ಮಾತ್ರ. ಅಂದರೆ ತಣ್ಣಗಿರುವಾಗ ಕೊಟ್ಟ ಬಿಗಿಯಲ್ಲಿ 0.035 ಮಿ.ಮೀ. ಓಡುವಾಗ ಕರಗಿಹೋಗುತ್ತದೆ. ಮೊದಲ ಅಂಗಡಿಯವರು ಸುಲಭವಾಗಿ ಒತ್ತಲೆಂದು ಕಬ್ಬಿಣದ ಬ್ಲಾಕಿಗೆ ಕೊಡುವಂತೆ 0.03ರಷ್ಟು ಕೊಟ್ಟಿದ್ದರಾದ್ದರಿಂದ ಎಂಜಿನ್ ಕಾದಾಗ ನನ್ನ ಆ ಸ್ಲೀವ್‌ಗಳು ಯಾವ ಬಿಗಿಯೂ ಇಲ್ಲದೆ ಬರಿ ತೂತಿನಲ್ಲಿ ನಿಂತಿದ್ದವು. ಹಾಗೆಂದು 0.1 ಕೊಟ್ಟರೆ ಆಯಿತಲ್ಲ ಎನ್ನುವಂತೆಯೂ ಇಲ್ಲ, ಏಕೆಂದರೆ ಎರಡು ಬೋರುಗಳ ನಡುವೆ ಉಳಿಯುವುದು ಮೂರ್ನಾಲ್ಕು ಮಿಲಿಮೀಟರ್ ಅಲ್ಯೂಮಿನಿಯಂ ಮಾತ್ರ, ಅತಿಯಾಗಿ ಒತ್ತಿದರೆ ಅದು ಬಿರುಕುಬಿಡುತ್ತದೆ ಇಲ್ಲವೇ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದು ಬಿಗಿಯನ್ನು ಬಿಟ್ಟುಕೊಡುತ್ತದೆ. 0.05ರಿಂದ 0.075 ಮಿ.ಮೀ. ನಡುವೆ ಬಲ್ಲವರು ನಿಲ್ಲುವುದು ಈ ಎರಡು ಭಯಗಳ ನಡುವಿನ ಒಪ್ಪಂದ. ಬಿಗಿ ಸಡಿಲಾದರೆ ಇನ್ನೊಂದು ಕೇಡೂ ಇದೆ: ಸ್ಲೀವಿನಿಂದ ಅಲ್ಯೂಮಿನಿಯಂಗೆ, ಅಲ್ಲಿಂದ ನೀರಿಗೆ ಹೋಗಬೇಕಾದ ಶಾಖಕ್ಕೆ ಮಧ್ಯೆ ಗಾಳಿಯ ಪದರ ಅಡ್ಡಬರುತ್ತದೆ, ಸ್ಲೀವ್ ಅಲ್ಲಲ್ಲಿ ಅತಿಯಾಗಿ ಕಾಯುತ್ತದೆ. ನನ್ನ ಬ್ಲಾಕಿನಲ್ಲಿ ಮೂಲ ಸ್ಲೀವಿನ ಕಬ್ಬಿಣ ಪೂರ್ತಿ ಹೋಗದೆ ತೂತಿನ ಗೋಡೆಯಲ್ಲಿ ತೇಪೆ ಹಾಕಿದಂತೆ ಉಳಿದಿತ್ತು. ಕಬ್ಬಿಣ ಸಿಕ್ಕಲ್ಲಿ ಬೋರಿಂಗ್ ಟೂಲ್ ಹಿಂದೆ ಸರಿಯುತ್ತದೆ, ಅಲ್ಯೂಮಿನಿಯಂ ಸಿಕ್ಕಲ್ಲಿ ಮುಂದೆ ನುಗ್ಗುತ್ತದೆ. ಅಂಥ ಗೋಡೆಗೆ ಸ್ಲೀವ್ ಎಲ್ಲ ಕಡೆ ಸಮವಾಗಿ ತಾಗುವುದು ಅಸಾಧ್ಯ.

ಪೀಣ್ಯದವರು ತೂತನ್ನು 81 ಮಿ.ಮೀ.ಗೆ ಕೊರೆದು ಅಪ್ಪಟ ಅಲ್ಯೂಮಿನಿಯಂ ಕಾಣುವವರೆಗೆ ಹೋದರು. ಬೋರನ್ನು 75ಕ್ಕೇ ಹಿಂತಿರುಗಿಸುವಂತೆ ನಾನೇ ಕೇಳಿಕೊಂಡೆ, 81 ಸಿಸಿಯ ಮೋಹ ಅಷ್ಟು ಹೊತ್ತಿಗೆ ಇಳಿದಿತ್ತು. ಆಗ ಸ್ಲೀವಿನ ಗೋಡೆ 3 ಮಿ.ಮೀ. ಸಿಕ್ಕಿತು, ಮೊದಲಿನದಕ್ಕಿಂತ ಎರಡರಷ್ಟು. ಇದು ಸಣ್ಣ ಮಾತಲ್ಲ. ಸಿಲಿಂಡರಿನೊಳಗೆ 80 ಬಾರ್ ಒತ್ತಡವಿದ್ದರೆ ಪಿಸ್ಟನ್ ಮೇಲೆ ಮೂರೂವರೆ ಟನ್ನಿಗೂ ಹೆಚ್ಚಿನ ಬಲ ಬೀಳುತ್ತದೆ, ಅದೇ ಒತ್ತಡ ಸ್ಲೀವನ್ನು ಸುತ್ತಲೂ ಹಿಗ್ಗಿಸುತ್ತದೆ. ಆಸರೆಯಿಲ್ಲದ ಒಂದೂವರೆ ಮಿಲಿಮೀಟರ್ ಗೋಡೆಯಲ್ಲಿ ಹುಟ್ಟುವ ಎಳೆತ 200 ಮೆಗಾಪಾಸ್ಕಲ್ ದಾಟುತ್ತದೆ, 3 ಮಿ.ಮೀ. ಗೋಡೆಯಲ್ಲಿ ಅದು 100ರ ಹತ್ತಿರ. ಸಾಮಾನ್ಯ ಬೂದು ಎರಕದ ಕಬ್ಬಿಣ ತಾಳುವುದು 200ರಿಂದ 250ರ ಸುಮಾರು. ತೆಳು ಸ್ಲೀವ್ ಬದುಕಿರುವುದು ಅಲ್ಯೂಮಿನಿಯಂನ ಆಸರೆಯಿಂದ ಮಾತ್ರ, ಆ ಆಸರೆ ಬಿಗಿಯಿಂದ ಮಾತ್ರ. ಟರ್ಬೊ ಹಾಕಿ ಒತ್ತಡ ಏರಿಸುವವರು ಸುಲಭವಾಗಿ ಒಡೆಯದ ಡಕ್ಟೈಲ್ ಎರಕದ ಸ್ಲೀವ್ ಕೇಳುವುದು ಇದಕ್ಕೇ. ಅದರ ತಾಳಿಕೆ ಬೂದು ಕಬ್ಬಿಣದ ಎರಡರಷ್ಟಕ್ಕೂ ಹೆಚ್ಚು.

ಸ್ಲೀವ್ ಇಳಿಸುವ ದಿನ ನಾನೂ ಹೋಗಿದ್ದೆ. ಬ್ಲಾಕನ್ನು ಕಾಯಿಸಲು ಪಕ್ಕದ ಬೀದಿಯ ಪೌಡರ್ ಕೋಟಿಂಗ್ ಘಟಕದ ಒಲೆಯನ್ನು ಗೊತ್ತುಮಾಡಿದ್ದರು. 150 ಡಿಗ್ರಿ, ಅದಕ್ಕಿಂತ ಹೆಚ್ಚಿಲ್ಲ. ಅದನ್ನು ಮೀರಿ ಬಹಳ ಹೊತ್ತು ಇಟ್ಟರೆ ಎರಕದ ಅಲ್ಯೂಮಿನಿಯಂನ ಗಟ್ಟಿತನ ಇಳಿಯತೊಡಗುತ್ತದೆ. ಅಷ್ಟು ಕಾದಾಗ 81 ಮಿ.ಮೀ. ತೂತು 0.23 ಮಿ.ಮೀ. ಹಿಗ್ಗುತ್ತದೆ, 0.06ರ ಬಿಗಿಯನ್ನು ಕಳೆದರೂ ಸ್ಲೀವ್ ತಾನಾಗಿ ಜಾರಿ ಕೂರುವಷ್ಟು ಸಡಿಲ ಉಳಿಯುತ್ತದೆ. ಸ್ಲೀವನ್ನು ದ್ರವ ಸಾರಜನಕದಲ್ಲಿ ಅದ್ದಿ ಕುಗ್ಗಿಸಬಹುದಲ್ಲ ಎಂದು ನಾನು ಪುಸ್ತಕದ ಬುದ್ಧಿ ತೋರಿಸಿದೆ, ನಮ್ಮೂರಿನ ಪಶು ಆಸ್ಪತ್ರೆಯ ಕ್ಯಾನು ನೆನಪಾಗಿತ್ತು. ಅವರು ಒಪ್ಪಲಿಲ್ಲ. ಅಷ್ಟು ತಣ್ಣಗಾದ ಕಬ್ಬಿಣಕ್ಕೆ ಗಾಳಿಯ ತೇವ ಮಂಜಾಗಿ ಹತ್ತುತ್ತದೆ, ಅದು ಸ್ಲೀವ್ ಮತ್ತು ಬ್ಲಾಕಿನ ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ವಾದ. ಸ್ಲೀವನ್ನು ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ ಬಿಡಬೇಕು. ಕ್ಷಣಗಳಲ್ಲಿ ಅದೂ ಕಾದು ಹಿಗ್ಗಿ ಅರ್ಧದಲ್ಲೇ ಕಚ್ಚಿಕೊಂಡರೆ ಮತ್ತೆ ಕೊರೆದು ತೆಗೆಯುವುದೇ ದಾರಿ. ನಾಲ್ಕನ್ನೂ ಇಳಿಸಿದ ಮೇಲೆ ದಪ್ಪ ಉಕ್ಕಿನ ತಟ್ಟೆಯಿಟ್ಟು ಹೆಡ್ ಬೋಲ್ಟುಗಳಿಂದಲೇ ಅದುಮಿ, ಬ್ಲಾಕ್ ಪೂರ್ತಿ ತಣಿಯುವವರೆಗೆ ಬಿಟ್ಟರು, ಏಕೆಂದರೆ ತಣಿಯುವಾಗ ಕಾಲರ್ ತನ್ನ ಪೀಠದಿಂದ ಒಂದಿಷ್ಟು ಮೇಲೆದ್ದರೂ ಮಾಡಿದ್ದೆಲ್ಲ ವ್ಯರ್ಥ.

ಕಾಲರ್‌ಗಳು 85 ಮಿ.ಮೀ. ಅಗಲವಿದ್ದು ನಡುಗೆರೆಗಳ ಅಂತರ 84 ಆದ್ದರಿಂದ ಪಕ್ಕದವು ಒಂದರ ಮೇಲೊಂದು ಬರದಂತೆ ಅವುಗಳ ಮಗ್ಗುಲನ್ನು ಚಪ್ಪಟೆಯಾಗಿ ಕತ್ತರಿಸಿದ್ದರು. ಸಾಲಾಗಿ ಕೂತಾಗ ನಾಲ್ಕೂ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತವು. ಇದನ್ನೇ ಇನ್ನೂ ಮುಂದಕ್ಕೆ ಒಯ್ದು, ಕಾಲರನ್ನು ಹೊರಗೋಡೆಯವರೆಗೂ ಅಗಲಿಸಿ, ನೀರು ಹರಿಯಲು ಅದರಲ್ಲಿ ತೂತುಗಳನ್ನು ಬಿಟ್ಟು, ಓಪನ್ ಡೆಕ್ ಬ್ಲಾಕನ್ನು ಮುಚ್ಚಿದ ಡೆಕ್ಕಿನ ಬ್ಲಾಕನ್ನಾಗಿಸುವ ಸ್ಲೀವ್‌ಗಳನ್ನು ಅಮೆರಿಕದ ಡಾರ್ಟನ್ ಮೊದಲಾದ ತಯಾರಕರು ಮಾಡುತ್ತಾರೆ. ಹೋಂಡಾದ ಕೆ-ಸರಣಿಯ ಎಂಜಿನ್‌ಗಳಿಗೆ ಇವು ಬಹಳ ಬಳಕೆಯಲ್ಲಿವೆ. ಅಲ್ಲಿ ನಡುಗೆರೆಗಳ ಅಂತರ 94 ಮಿ.ಮೀ. ಇರುವುದರಿಂದ ಕೆ24ರ 87 ಮಿ.ಮೀ. ಬೋರನ್ನು 90ಕ್ಕೆ ಏರಿಸುತ್ತಾರೆ, 2354 ಸಿಸಿ ಇದ್ದದ್ದು ಸುಮಾರು 2519 ಆಗುತ್ತದೆ. ಈ ಶೇಕಡಾ 7ಕ್ಕಾಗಿ ಯಾರೂ ಅಷ್ಟು ಹಣ ಸುರಿಯುವುದಿಲ್ಲ ಎಂಬುದು ನನ್ನ ಅನಿಸಿಕೆ. ಅವರು ಕೊಳ್ಳುವುದು ಟರ್ಬೊ ಒತ್ತಡದಲ್ಲಿ ಸಿಲಿಂಡರ್‌ಗಳ ತಲೆ ಅತ್ತಿತ್ತ ಅಲುಗದಂತೆ ಹಿಡಿಯುವ ಆ ಕಾಲರ್‌ನ್ನು. ದೊಡ್ಡ ಬೋರ್ ಜೊತೆಗೆ ಬರುವ ಕೊಸರು. ದೊಡ್ಡ ಬೋರೇ ಗುರಿಯಾಗಿದ್ದ ಉದಾಹರಣೆ ಬೇಕಾದರೆ 2006ರ ಶೆವರ್ಲೆ ಕಾರ್ವೆಟ್ ಝಡ್06 ಕಾರಿನ ಎಲ್‌ಎಸ್7 ಎಂಜಿನ್ ನೋಡಬೇಕು: 104.8 ಮಿ.ಮೀ. ಬೋರು, 7 ಲೀಟರು, ಕಾರ್ಖಾನೆಯಲ್ಲೇ ಒತ್ತಿ ಕೂರಿಸಿದ ಲೈನರ್‌ಗಳು. ಅದರ ಹಿಂದಿನ ಎಲ್‌ಎಸ್1ರಲ್ಲಿ 99 ಮಿ.ಮೀ. ಬೋರಿಗೆ ಎರಕದಲ್ಲೇ ಸೇರಿಸಿದ ತೆಳು ಲೈನರ್‌ಗಳಿದ್ದವು, ಅವನ್ನು ಹೋನಿಂಗ್ ಮಾಡಿ, ಅಂದರೆ ಸಾಣೆಕಲ್ಲಿನಿಂದ ಉಜ್ಜಿ, ಒಂದಿಷ್ಟು ದೊಡ್ಡದು ಮಾಡಬಹುದಿತ್ತೇ ಹೊರತು ಅದಕ್ಕಿಂತ ಹೆಚ್ಚಿಲ್ಲ.

ಮುಂದಿನ ಕೆಲಸದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಬ್ಲಾಕಿನ ಮೇಲ್ಮೈ ಮತ್ತು ಕಾಲರ್‌ಗಳನ್ನು ಒಟ್ಟಿಗೆ ಫೇಸಿಂಗ್ ಮಾಡಿದ ನಂತರ, ಹೋನಿಂಗ್ ಮಾಡುವಾಗ ಹೆಡ್ ಇರುವಂತೆಯೇ ಬೋಲ್ಟುಗಳನ್ನು ಬಿಗಿದ ಟಾರ್ಕ್ ಪ್ಲೇಟ್ ಎಂಬ ದಪ್ಪ ತಟ್ಟೆ ಹಾಕಿಸಿ. ಹೆಡ್ ಬೋಲ್ಟ್ ಬಿಗಿದಾಗ ಅಲ್ಯೂಮಿನಿಯಂ ಬ್ಲಾಕಿನ ಬೋರ್ ಆಕಾರ ಕೆಡುತ್ತದೆ. ಪ್ಲೇಟ್ ಇಲ್ಲದೆ ದುಂಡಗೆ ಮಾಡಿದ ಬೋರ್ ಹೆಡ್ ಕೂತ ಮೇಲೆ ದುಂಡಗಿರುವುದಿಲ್ಲ, ರಿಂಗುಗಳು ಕೂರುವುದಿಲ್ಲ, ಎಣ್ಣೆ ಸುಡುತ್ತದೆ, ಆಗ ಎಲ್ಲರೂ ಸ್ಲೀವನ್ನು ಬೈಯುತ್ತಾರೆ. ಪ್ಲೇಟ್ ಇಲ್ಲ ಎನ್ನುವ ಅಂಗಡಿಯಲ್ಲಿ ಈ ಕೆಲಸ ಮಾಡಿಸಬೇಡಿ ಎಂದು ಖಂಡಿತವಾಗಿ ಹೇಳಬಲ್ಲೆ. 0.25 ಅಥವಾ 0.5 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಸಿಗುವಂತಿದ್ದು, ಮೂಲ ಸ್ಲೀವಿನಲ್ಲಿ ಬಿರುಕಿಲ್ಲದಿದ್ದರೆ, ಸ್ಲೀವ್ ಹಾಕಿಸುವ ಮಾತನ್ನೇ ಎತ್ತಬೇಡಿ. ಕಾರ್ಖಾನೆಯ ಆ ಹಲ್ಲುಕಚ್ಚಿದ ಹಿಡಿತ ಕೈಬಿಡುವಂಥದ್ದಲ್ಲ.

ಈ ಎರಡನೆಯ ಸ್ಲೀವ್‌ಗಳು 58 ಸಾವಿರ ಕಿಲೋಮೀಟರ್ ಓಡಿವೆ. ಮೊನ್ನೆ ಡಯಲ್ ಗೇಜ್ ತೋರಿಸಿದ್ದು ಹೀಗೆ: ಒಂದನೆಯದು ಸೊನ್ನೆ, ಎರಡನೆಯದು 0.01 ತಗ್ಗು, ಮೂರು ಮತ್ತು ನಾಲ್ಕು ಸೊನ್ನೆ. ಎರಡನೆಯದರ ಆ 0.01 ಗೇಜಿನ ತಪ್ಪೋ ನಿಜವಾದ ತಗ್ಗೋ ಎಂದು ತಿಳಿಯಲು ಐದು ಕಡೆ ಮತ್ತೆ ಇಟ್ಟು ನೋಡಿದೆ, ನಾಲ್ಕು ಕಡೆ ಸೊನ್ನೆ ಬಂತು. ಮೂರನೆಯ ಬೋರಿನಲ್ಲಿ ಹೋನಿಂಗ್ ಗೆರೆಗಳು ಇನ್ನೂ ಕಾಣಿಸುತ್ತಿದ್ದವು. ಮೆಕ್ಯಾನಿಕ್ ಅಷ್ಟರಲ್ಲಿ ಎರಡನೆಯ ಲೋಟ ಟೀ ಮುಗಿಸಿ, ಇನ್ನಾದರೂ ಹೆಡ್ ಕೂರಿಸಬಹುದೇ ಎಂದು ಕೇಳಿದರು.